ನಾಲ್ಕು ಬೆರಳಿನ ಕೋಲು

ತೀರ್ಥಮ್ಮನಿಗೆ ಗಂಡನ ಕೆಲಸವೆಂದರೆ ಹೇಸಿಗೆ. ಪಂಚಾಕ್ಷರಪ್ಪ ಅಜ್ಜಂಪುರದ ದನದ ಆಸ್ಪತ್ರೆಯಲ್ಲಿ ಜವಾನ. ಬೆದೆಗೆ ಬಂದ ಹಸುಗಳಿಗೆ ಕೊಡುವ ಹೋರಿಯ ವೀರ್ಯವನ್ನು ಅಲ್ಲಿ ಕಡ್ಡಿಯಷ್ಟು ಸಣ್ಣ ಕೊಳವೆಗಳಲ್ಲಿ, ಒಂದು ದೊಡ್ಡ ಕ್ಯಾನಿನೊಳಗೆ ಇಟ್ಟಿರುತ್ತಿದ್ದರು. ಕ್ಯಾನಿನಲ್ಲಿ ನೈಟ್ರೋಜನ್. ನೋಡಲು ನೀರು. ಬೆರಳು ಅದ್ದಿದರೆ ಬೆರಳು ಹೋಯಿತು, ಅಷ್ಟು ಚಳಿ. ಅದು ದಿನಾ ಒಂದಿಷ್ಟು ಆವಿಯಾಗುತ್ತದೆ. ಪೂರ್ತಿ ಇಂಗದ ಹಾಗೆ ಕಾಯುವುದು ಅವನ ಕೆಲಸ.

ಅದಕ್ಕೆ ಅವನದೊಂದು ಕೋಲಿತ್ತು. ಬಿದಿರು ಸೀಳಿ ತಾನೇ ಹೆರೆದು, ಮಸಿ ಬಳಿದು, ನಾಲ್ಕು ಬೆರಳಿನ ಎತ್ತರಕ್ಕೆ ಒಂದು ಕಚ್ಚು ಹಾಕಿದ್ದ. ಕ್ಯಾನಿಗೆ ಇಳಿಸಿ, ತೆಗೆದು, ಗಾಳಿಯಲ್ಲಿ ಎರಡು ಸಲ ಬೀಸಿದರೆ ನೈಟ್ರೋಜನ್ ಇದ್ದಷ್ಟು ಎತ್ತರಕ್ಕೆ ಕೋಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತಿತ್ತು. ಕಚ್ಚಿಗಿಂತ ಕೆಳಗಿಳಿದರೆ ಒಳಗಿನ ಜೀವ ಸತ್ತ ಹಾಗೆ. ಆಮೇಲೆ ಎಷ್ಟು ತುಂಬಿಸಿದರೂ ಹೆಣಕ್ಕೆ ಹಾಲು ಕುಡಿಸಿದ ಹಾಗೆ.

ಸಂಜೆ ಅವನು ಬಂದರೆ ತೀರ್ಥಮ್ಮ ಹಿತ್ತಲಲ್ಲೇ ತಡೆಯುತ್ತಿದ್ದಳು. ಬಚ್ಚಲಿಗೆ ಹೋಗಿ ಮೈ ತೊಳೆದು, ವಿಭೂತಿ ಹಚ್ಚಿಕೊಂಡ ಮೇಲೇ ನಡುಮನೆ. ಪಕ್ಕದ ಮನೆಯ ಕಮಲಾಕ್ಷಮ್ಮ ಬೇಲಿಯಾಚೆ ನಿಂತು ಹೇಳುವಳು:

“ತೀರ್ಥಮ್ಮಾರೇ, ನಮ್ ಗೌರಿ ಹೆಣ್ಗರ ಹಾಕೈತೆ. ನಿಮ್ಮೆಜಮಾನ್ರದ್ದೇ ಕಣ್ರೀ! ಮೂಗು ನೋಡಿದ್ರೆ ಗೊತ್ತಾಗ್ತೈತೆ.”

ಬೀದಿಯೆಲ್ಲ ನಗುತ್ತಿತ್ತು. ಅವನೂ ನಗುತ್ತಿದ್ದ. ತೀರ್ಥಮ್ಮನಿಗೆ ವಾಕರಿಕೆ ಬರುತ್ತಿತ್ತು.

ಒಂದು ವರ್ಷ ಕಡೂರಿನಿಂದ ನೈಟ್ರೋಜನ್ ತರುವ ಜೀಪು ಕೆಟ್ಟು ನಿಂತಿತು. ಪಂಚಾಕ್ಷರಪ್ಪ ಕ್ಯಾನು ಹೊತ್ತು ಬಸ್ಸು ಹತ್ತಿದ. ಕಂಡಕ್ಟರು “ಏನಪ್ಪಾ ಇದು, ಬಾಂಬಾ?” ಎಂದು ಇಳಿಸಿದ. ಕೊನೆಗೆ ಹುಣಸೆಹಣ್ಣಿನ ಲಾರಿಯ ಮೇಲೆ ಕುಳಿತು, ಕ್ಯಾನನ್ನು ಎರಡು ಕಾಲಿನ ನಡುವೆ ಅವುಚಿಕೊಂಡು ಕಡೂರಿಗೆ ಹೋಗಿ ತುಂಬಿಸಿಕೊಂಡು ಬಂದ. ಹನ್ನೊಂದು ವರ್ಷದಲ್ಲಿ ಆ ಕ್ಯಾನು ಒಂದು ದಿನವೂ ಬರಿದಾಗಲಿಲ್ಲ. ಅದಕ್ಕಾಗಿ ಅವನನ್ನು ಯಾರೂ ಹೊಗಳಲಿಲ್ಲ. ಹೆಂಡತಿಯಂತೂ ಇಲ್ಲವೇ ಇಲ್ಲ.

ಎಂಬತ್ತಾರರ ಸಂಕ್ರಾಂತಿ ಕಳೆದ ಮೇಲೆ ಅವನ ಒಸಡಿನಲ್ಲಿ ರಕ್ತ ನಿಲ್ಲದಾಯಿತು. ಮೈಮೇಲೆ ನೀಲಿ ಕಲೆಗಳು. ತರೀಕೆರೆಯ ಡಾಕ್ಟರು ನೋಡಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ರಕ್ತದ ಕ್ಯಾನ್ಸರ್.

ಆರು ತಿಂಗಳು ಔಷಧಿ ಹಾಕಿದರು. ಶ್ರಾವಣದ ಹೊತ್ತಿಗೆ ರಕ್ತ ಸರಿಯಾಯಿತು. ಡಾಕ್ಟರ್ ಲಕ್ಷ್ಮೀಪತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

“ಇದು ಮತ್ತೆ ಬರೋ ರೋಗ. ಈಗ ರಕ್ತ ಚೆನ್ನಾಗಿರುವಾಗಲೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದಿಡ್ತೀವಿ. ರಕ್ತ ಹುಟ್ಟೋದೇ ಅದರಲ್ಲಿ. ದೀಪಾವಳಿ ಆದ್ಮೇಲೆ ಜೋರು ಔಷಧಿ ಕೊಡ್ತೀವಿ. ಅದು ರೋಗಾನೂ ಸಾಯಿಸುತ್ತೆ, ಮೈಯಲ್ಲಿ ಉಳಿದ ಮಜ್ಜೇನೂ ಸಾಯಿಸುತ್ತೆ. ಆಗ ತೆಗೆದಿಟ್ಟಿದ್ದನ್ನ ವಾಪಸ್ ಕೊಡ್ಬೇಕು. ಅದೊಂದೇ ದಾರಿ.”

“ಎಲ್ಲಿಡ್ತೀರಾ ಸಾರ್?”

“ನೈಟ್ರೋಜನ್‌ನಲ್ಲಿ.”

ಪಂಚಾಕ್ಷರಪ್ಪ ಎಷ್ಟೋ ತಿಂಗಳ ಮೇಲೆ ನಕ್ಕ. “ತೆಗೆದ ತಕ್ಷಣ ಬಿಸಿನೀರಲ್ಲಿ ಇಳಿಸ್ಬೇಕು, ಅಲ್ವಾ ಸಾರ್?”

“ನಿಮಗ್ಯಾರ್ರೀ ಹೇಳಿದ್ದು?”

“ದನದ ಆಸ್ಪತ್ರೆ ಸಾರ್.”

ತೀರ್ಥಮ್ಮ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು.

ಮಜ್ಜೆ ತೆಗೆದಿಟ್ಟುಕೊಂಡು ಊರಿಗೆ ಕಳಿಸಿದರು. ದೀಪಾವಳಿ ಮುಗಿಸಿ ಮತ್ತೆ ಆಸ್ಪತ್ರೆಗೆ ಹೊರಡುವ ದಿನ ಅವನು ತನ್ನ ಕೋಲನ್ನು ಬಟ್ಟೆ ಸುತ್ತಿ ಚೀಲದಲ್ಲಿಟ್ಟ. ಅದೇ ಚೀಲದಲ್ಲಿ ರೊಟ್ಟಿ, ಚಟ್ನಿಪುಡಿ ಇತ್ತು. ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ತೀರ್ಥಮ್ಮ ಕೋಲನ್ನು ತೆಗೆದು ಬಚ್ಚಲಿನ ಗೂಡಿಗೆ ಎಸೆದಳು. ಉಣ್ಣುವ ರೊಟ್ಟಿಯ ಜೊತೆ ಹೋರಿ ಕೋಲು! ಥೂ.

ಆಸ್ಪತ್ರೆಗೆ ಸೇರಿದ ಬೆಳಿಗ್ಗೆ ಅವನು ಓಣಿಯಲ್ಲಿ ನಡೆದಾಡುತ್ತ ಒಂದು ತೆರೆದ ಬಾಗಿಲ ಮುಂದೆ ನಿಂತುಬಿಟ್ಟ. ಒಳಗೆ ಅವನ ಮಜ್ಜೆ ಇಟ್ಟ ಕ್ಯಾನು.

“ನೋಡೇ, ಅದರ ಕತ್ತು ಬೆವತೈತೆ,” ಎಂದ. “ಒಳ್ಳೆ ಕ್ಯಾನು ಬೆವರಲ್ಲ. ಅದು ಸೋರ್ತೈತೆ ಕಣೇ. ಕೋಲು ಕೊಡು.”

“ಮನೇಲೈತೆ.”

“ನಾನೇ ಇಟ್ಟಿದ್ನಲ್ಲೇ?”

“ನಾನೇ ತೆಗ್ದೆ.”

ಅವನು ಬಾಗಿಲೊಳಗೆ ಬಗ್ಗಿದ. ಒಳಗಿದ್ದ ಜವಾನ ರಾಮಯ್ಯನನ್ನು ಕೇಳಿದ: “ಅಣ್ಣಾ, ಒಂದು ಕಡ್ಡಿ ಬಿಟ್ಟು ಎಷ್ಟೈತೆ ನೋಡಣ್ಣ.”

“ಹೋಗ್ ಮಲ್ಕೊಳಯ್ಯ. ಇದೇನು ಎಮ್ಮೆ ಆಸ್ಪತ್ರೆನಾ?” ರಾಮಯ್ಯ ಬಾಗಿಲು ಹಾಕಿಕೊಂಡ.

ಪಂಚಾಕ್ಷರಪ್ಪ ಡಾಕ್ಟರಿಗೆ ಹೇಳಲು ಹೊರಟ. ತೀರ್ಥಮ್ಮ ಅವನ ಅಂಗಿ ಹಿಡಿದೆಳೆದಳು. “ಸುಮ್ನಿರ್ರೀ. ಅಷ್ಟು ಓದಿದೋರ ಮುಂದೆ ನಿಮ್ಮ ದನದ ಪುರಾಣ ಎತ್ತಬ್ಯಾಡಿ. ನನಗೆ ತಲೆ ಎತ್ತೋಕಾಗಲ್ಲ.”

ಅವನು ಹಾಸಿಗೆಗೆ ಮರಳಿದ. ಹೆಂಡತಿಯ ಮಾತು ಕೇಳಿದ. ಮರುದಿನ ಜೋರು ಔಷಧಿ ಶುರುವಾಯಿತು.

ಔಷಧಿ ಮುಗಿದ ಮೇಲೆ ಮಜ್ಜೆಯ ಚೀಲಗಳನ್ನು ತಂದು, ಬಿಸಿನೀರಲ್ಲಿ ಇಳಿಸಿ, ನರಕ್ಕೆ ಹರಿಸಿದರು. ಕೋಣೆಯೆಲ್ಲ ಕೊಳೆತ ಬೆಳ್ಳುಳ್ಳಿಯ ನಾತ. ಕೆಡದಿರಲಿ ಎಂದು ಅದಕ್ಕೆ ಸೇರಿಸುವ ಔಷಧಿಯ ವಾಸನೆ ಅದು ಎಂದರು. ಅವನ ಉಸಿರು, ಬೆವರು ಎಲ್ಲ ಅದೇ ನಾತ. ತೀರ್ಥಮ್ಮ ಮೂಗು ಮುಚ್ಚಲಿಲ್ಲ. ಹತ್ತಿರವೇ ಕುಳಿತಳು.

ಹೊಸ ರಕ್ತ ಹುಟ್ಟಲಿಲ್ಲ. ಒಂದು ವಾರ, ಎರಡು ವಾರ. ಬಾಯೆಲ್ಲ ಹುಣ್ಣಾಗಿ ಗಂಜಿ ಇಳಿಯದಾಯಿತು. ಇಪ್ಪತ್ತೆರಡನೆಯ ದಿನ ಜ್ವರ ನೆತ್ತಿಗೇರಿ ಹೋದ. ನಲವತ್ತೊಂದು ವಯಸ್ಸು.

“ಕೆಲವರ ಮೈ ಹಿಡಿಯಲ್ಲಮ್ಮ,” ಎಂದರು ಡಾಕ್ಟರು.

ಹೆಣ ಕೊಡುವುದು ತಡವಾಯಿತು. ಕ್ಯಾಂಟೀನಿನ ಮುಂದೆ ಕುಳಿತಿದ್ದವಳ ಹತ್ತಿರ ರಾಮಯ್ಯ ಬಂದ. ಬೋಂಡ ತಿನ್ನುತ್ತಿದ್ದ.

“ನಿಮ್ಮ ಯಜಮಾನ್ರು ಹೇಳಿದ್ದು ಸರಿನೇ ಕಣಮ್ಮ. ದಸರೇಲಿ ನೈಟ್ರೋಜನ್ ಲಾರಿ ಬರ್ಲಿಲ್ಲ. ನೀವು ಬಂದ ದಿನ ತಳದಲ್ಲಿ ಒಂದು ಬೆರಳು ಇತ್ತೋ ಇಲ್ವೋ. ಎರಡು ದಿನ ಬಿಟ್ಟು ತುಂಬ್ಸಿದ್ವಿ. ಏನ್ ಮಾಡದು, ಹಣೇಬರ.” ಬೆರಳಿನ ಎಣ್ಣೆ ಪ್ಯಾಂಟಿಗೆ ಒರೆಸಿಕೊಂಡ.

ತೀರ್ಥಮ್ಮ ನೇರ ಡಾಕ್ಟರ ಕೋಣೆಗೆ ಹೋದಳು. ಅವರು ಬೇಸಿನ್ನಿನಲ್ಲಿ ಕೈ ತೊಳೆಯುತ್ತಿದ್ದರು.

“ಕ್ಯಾನು ಬರಿದಾಗಿತ್ತಂತೆ?”

“ಯಾರಮ್ಮ ಹೇಳಿದ್ದು?”

ಇಲ್ಲ ಎನ್ನಲಿಲ್ಲ. ಸೋಪು ಹಚ್ಚಿದರು, ತೊಳೆದರು, ಮತ್ತೆ ಹಚ್ಚಿದರು. ಉಗುರಿನ ಸಂದಿಯನ್ನೂ ಉಜ್ಜಿದರು. ಬಿಳೀ ಕೋಟು, ಬಿಳೀ ಕೈ, ಸೋಪಿನ ಘಮ. ತೀರ್ಥಮ್ಮನಿಗೆ ಹನ್ನೊಂದು ವರ್ಷ ಗಂಡನ ಮೈಯಲ್ಲಿ ಬಾರದ ದುರ್ನಾತ ಆ ಸೋಪಿನಲ್ಲಿ ಬಂತು. ಅವರ ಬಾಗಿಲಲ್ಲೇ ಉಗಿದು ಬಂದಳು.

ತಿಥಿ ಮುಗಿದು ಎಂಟು ದಿನಕ್ಕೆ ದನದ ಆಸ್ಪತ್ರೆಗೆ ಹೊಸದಾಗಿ ಬಂದ ಓಂಕಾರಮೂರ್ತಿ ಮನೆ ಬಾಗಿಲಲ್ಲಿ ನಿಂತ.

“ಅಕ್ಕಾ, ಅಣ್ಣಾರ ಅಳತೆ ಕೋಲು ಇಲ್ಲೈತಂತೆ.”

ಬಚ್ಚಲಿನ ಗೂಡಿನಲ್ಲಿ ಅದು ಹೊಗೆ ಹಿಡಿದು ಬಿದ್ದಿತ್ತು. ತೀರ್ಥಮ್ಮ ಸೆರಗಿನಲ್ಲಿ ಒರೆಸಿದಳು. ಅವನು ಕೈ ಚಾಚಿದರೂ ಕೊಡಲಿಲ್ಲ.

“ಎಲ್ಲೈತೆ ಕ್ಯಾನು? ನಡಿ.”

ಅಷ್ಟು ವರ್ಷದಲ್ಲಿ ಅವಳು ಆ ಆಸ್ಪತ್ರೆಯ ಹೊಸ್ತಿಲು ತುಳಿದದ್ದು ಅದೇ ಮೊದಲು. ಸಗಣಿ, ಫಿನಾಯಿಲು. ಕ್ಯಾನಿನ ಕತ್ತು ಮುಟ್ಟಿ ನೋಡಿದಳು, ಒಣಗಿತ್ತು. ಮುಚ್ಚಳ ತೆಗೆಸಿ ಕೋಲು ಇಳಿಸಿದಳು, ತೆಗೆದಳು, ಎರಡು ಸಲ ಬೀಸಿದಳು. ಕಪ್ಪು ಕೋಲಿನ ಮೇಲೆ ಹಿಮ ಏರಿ ಕಚ್ಚಿನ ಹತ್ತಿರ ನಿಂತಿತು.

“ನಾಲ್ಕು ಬೆರಳು. ಇವತ್ತೇ ಕಡೂರಿಗೆ ಹೋಗು.”

“ನಾಳೆ ಜೀಪು ಬರ್ತೈತಕ್ಕ.”

“ನಾಳೆ ಅನ್ನೋರನ್ನ ನೋಡ್ಕೊಂಡು ಬಂದಿದೀನಿ. ಇವತ್ತು ಹೋಗು.”

ಅವನು ಕ್ಯಾನು ಹೊತ್ತು ಬಸ್ಸಿಗೆ ಹೊರಟ ಮೇಲೆ ಅವಳು ಮನೆಗೆ ಬಂದಳು. ಹಿತ್ತಲಿಗೆ ಸುತ್ತಿ ಹೋಗಲಿಲ್ಲ. ಮುಂಬಾಗಿಲಿನಿಂದಲೇ, ಕೋಲು ಹಿಡಿದಿದ್ದ ಅದೇ ಕೈಯಲ್ಲಿ, ನಡುಮನೆಗೆ ನಡೆದಳು.