ಹೊಸ ಹಾಡನ್ನು ನಿಲ್ಲಿಸಿದವಳು

ಮಣಿಪಾಲದಲ್ಲಿ ಓದುವಾಗ ನಮ್ಮ ಹಾಸ್ಟೆಲಿನ ಹುಡುಗಿಯರಿಗೆಲ್ಲ ಆ ಬ್ಯಾಂಡಿನ ಹುಚ್ಚು. ಅದೇ ಊರಿನ ಹುಡುಗರು, ತಾವೇ ಕಟ್ಟಿದ ಕನ್ನಡ ಹಾಡುಗಳನ್ನು ಗಿಟಾರ್ ಹಿಡಿದು ಹಾಡುತ್ತಿದ್ದರು. ಕಳೆದ ವರ್ಷ ಅವರು ಕಾಪುವಿನ ಕಡಲತೀರದಲ್ಲಿ ಮತ್ತೆ ಹಾಡುತ್ತಾರೆಂದು ತಿಳಿದಾಗ, ಅಂದಿನ ರೂಮ್‌ಮೇಟ್ ಗೆಳತಿಯನ್ನು ಕರೆದುಕೊಂಡು ಉಡುಪಿಯಿಂದ ಬಸ್ಸು ಹತ್ತಿದೆ. ಇಬ್ಬರಿಗೂ ಐವತ್ತು ದಾಟಿದೆ. ಆದರೂ ದಾರಿಯುದ್ದಕ್ಕೂ ಹಳೆಯ ಹಾಡು ಗುನುಗಿಕೊಂಡೇ ಹೋದೆವು.

ಬ್ಯಾಂಡಿನ ಮುಖ್ಯ ಗಾಯಕರ ತಲೆ ಪೂರ್ತಿ ನರೆತಿತ್ತು. ಒಂದೆರಡು ಹಳೆಯ ಹಾಡು ಮುಗಿಸಿ, "ಈಗ ಒಂದು ಹೊಸದು" ಎಂದರು. ನಿಧಾನವಾದ, ತಗ್ಗು ದನಿಯ ಹಾಡು. ಜನ ಮೊಬೈಲ್ ನೋಡತೊಡಗಿದರು. ಕೆಲವರು ಚುರುಮುರಿಗೆಂದು ಎದ್ದರು. ನನಗೂ ತಾಳ್ಮೆ ತಪ್ಪಿತು.

"ಹಳೇದು ಹಾಡಿ ಮಾರಾಯ್ರೆ!" ಎಂದು ಕೂಗಿಯೇಬಿಟ್ಟೆ.

ಹಿಂದಿನಿಂದ ಹತ್ತಾರು ದನಿಗಳು ಸೇರಿಕೊಂಡವು. ಗಾಯಕರು ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ನಕ್ಕು, ನಾವೆಲ್ಲ ಕಾಯುತ್ತಿದ್ದ ಹಾಡನ್ನು ಎತ್ತಿಕೊಂಡರು. ನಾವಿಬ್ಬರೂ ಮರಳಿನಲ್ಲಿ ಕುಣಿದೆವು. ಮೇಲಿನ ಸ್ವರ ಬಂದಾಗ ಅವರ ದನಿ ಒಡೆಯಿತು. ಮೈಕನ್ನು ನಮ್ಮತ್ತ ಚಾಚಿದರು, ನಾವೇ ಹಾಡಿದೆವು. ನಮ್ಮನ್ನು ಎಷ್ಟು ಚೆಂದ ಸೇರಿಸಿಕೊಂಡರು ಎಂದೇ ನಾನು ತಿಳಿದೆ.

ಮುಗಿದ ಮೇಲೆ ಮಾತಾಡಿಸೋಣವೆಂದು ವೇದಿಕೆಯ ಹಿಂದೆ ಹೋದೆವು. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಹೆಂಡತಿ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸುತ್ತಿದ್ದರು.

"ಈಗ ಮಾತಾಡ್ಲಿಕ್ಕೆ ಆಗುವುದಿಲ್ಲ ಅವರಿಗೆ" ಎಂದು ಆಕೆ ತಡೆದರು. "ಗಂಟಲಿನ ಆಪರೇಷನ್ ಆಗಿದೆ. ಮೇಲಿನ ಸ್ವರ ಹಾಡಲೇಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಈಗ ಇರುವ ಸ್ವರಕ್ಕೆ ಹೊಂದುವ ಹಾಗೆ ಅಂತಲೇ ಹೊಸದು ಕಟ್ಟಿದ್ದು. ಜನ ಬಿಡಬೇಕಲ್ವಾ?"

ಗೆಳತಿ ನನ್ನ ಮುಖ ನೋಡಿದಳು. "ಮೊದಲು ಕೂಗಿದ್ದು ನಾನೇ" ಎಂದೆ.

ಗಾಯಕರು ಕಣ್ಣು ತೆರೆದು, ಹೆಂಡತಿಗೆ ಕೈಸನ್ನೆಯಲ್ಲಿ ಏನೋ ತಿಳಿಸಿದರು. "ಮುಂದಿನ ವಾರ ಕಾರ್ಕಳದಲ್ಲಿ ಪ್ರೋಗ್ರಾಂ ಉಂಟು. ಬನ್ನಿ ಅಂತ ಹೇಳ್ತಿದ್ದಾರೆ" ಎಂದರು ಆಕೆ.

ಕಾರ್ಕಳಕ್ಕೆ ಒಬ್ಬಳೇ ಹೋದೆ. ಸಭಾಂಗಣ ತುಂಬುವ ಮುಂಚೆಯೇ ಅವರು ಆ ಹೊಸ ಹಾಡನ್ನು ಹಾಡಿದರು. ಯಾರೂ ಕೂಗಲಿಲ್ಲ. ಒಂದು ಪದವೂ ತಪ್ಪದಂತೆ ಕೇಳಿದೆ. ನಿಜ ಹೇಳಬೇಕೆಂದರೆ, ಹಾಡು ನನಗೆ ಹಿಡಿಸಲಿಲ್ಲ. ಹಿಡಿಸಬೇಕೆಂದು ಬಹಳ ಪ್ರಯತ್ನಪಟ್ಟೆ. ಕೊನೆಗೆ ಎದ್ದು ನಿಂತು, ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ. ಅವರಿಗೆ ಗುರುತು ಸಿಕ್ಕಿತು. ಎದೆಯ ಮೇಲೆ ಕೈಯಿಟ್ಟು, ನನ್ನ ಕಡೆಗೇ ತಲೆಬಾಗಿದರು. ನನಗೆ ಅವರನ್ನು ನೋಡಲಾಗಲಿಲ್ಲ. ಕೆಳಗೆ ಬಿದ್ದ ಏನನ್ನೋ ಹುಡುಕುವವಳಂತೆ ಬಗ್ಗಿ ಕೂತುಬಿಟ್ಟೆ.