ಪೂಜೆಗಿಟ್ಟ ಪಿಸ್ತೂಲು

ನನ್ನ ಷಡ್ಡಕನಿಗೆ ಪಿಸ್ತೂಲಿನ ಲೈಸೆನ್ಸ್ ಸಿಕ್ಕ ಮೇಲೆ, ಶಿವಮೊಗ್ಗದ ಕೋಟೆಯಲ್ಲಿದ್ದ ಮಾವನ ಮನೆಯಲ್ಲಿ ನನ್ನನ್ನು ಕೇಳುವವರೇ ಇಲ್ಲವಾದರು. ಅವನು ಭದ್ರಾವತಿಯ ಮರದ ಕಂಟ್ರಾಕ್ಟರು. ಕಾಡಿನ ಕೂಲಿಯವರಿಗೆ ಬಟವಾಡೆಯ ಹಣ ಒಯ್ಯುತ್ತಾನೆಂದು ಸರ್ಕಾರ ಲೈಸೆನ್ಸ್ ಕೊಟ್ಟಿತ್ತು. ನಾನು ಆಗಷ್ಟೇ ಕರಿಕೋಟು ಹೊಲಿಸಿಕೊಂಡ ವಕೀಲ. ಅವನು ಪಿಸ್ತೂಲನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡೇ ಬರುತ್ತಿದ್ದ. ಕೂರುವಾಗೊಮ್ಮೆ, ಏಳುವಾಗೊಮ್ಮೆ ಎಲ್ಲರೆದುರು ತಟ್ಟಿ ನೋಡಿಕೊಳ್ಳುತ್ತಿದ್ದ. ಇದೆಂಥ ಬಚ್ಚಿಡುವುದು! ಅತ್ತೆ ತುಪ್ಪದ ಮಿಳ್ಳೆಯನ್ನು ಮೊದಲು ಅವನ ಎಲೆಗೇ ಬಗ್ಗಿಸುತ್ತಿದ್ದರು. ನನಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಒಂದೇ ಒಂದು ಸಲ ಮಾವ ಅವನನ್ನು ಬಿಟ್ಟು ನನ್ನ ಮಾತು ಕೇಳಬೇಕು, ಅಷ್ಟೇ ನನ್ನ ಆಸೆ.

ಹೊಸ ಶಸ್ತ್ರ ಕಾಯಿದೆ ಆಗ ತಾನೇ ಜಾರಿಗೆ ಬಂದಿತ್ತು. ಪುಸ್ತಕ ಕೊಂಡು ಅವನ ತಪ್ಪು ಹುಡುಕಿದೆ. ಕೋಟಿನೊಳಗೆ ಮುಚ್ಚಿಟ್ಟುಕೊಳ್ಳುವುದು ತಪ್ಪಾಗಿರಲಿಲ್ಲ. ಅವನ ಲೈಸೆನ್ಸು ಇಡೀ ಮೈಸೂರು ರಾಜ್ಯಕ್ಕೆ ನಡೆಯುತ್ತಿತ್ತು. ಜಾತ್ರೆಗೆ, ಮೆರವಣಿಗೆಗೆ ಒಯ್ಯಬಾರದು, ಲೈಸೆನ್ಸ್ ಇಲ್ಲದವರ ಬಳಿ ಬಿಡಬಾರದು, ಇಷ್ಟೇ ಸಿಕ್ಕಿದ್ದು.

ಆ ಮಹಾನವಮಿಗೆ ಅತ್ತೆ ಹಟ ಹಿಡಿದು ಪಿಸ್ತೂಲನ್ನು ಆಯುಧಪೂಜೆಗೆ ಇಡಿಸಿದರು. ಸಂಜೆ ಅವನು ಊರಿಗೆ ಹೊರಟು ನಿಂತ.

"ಅದನ್ನ ಕೊಡಿ ಅತ್ತೆ, ಬಸ್ಸಿಗೆ ಹೊತ್ತಾಯ್ತು."

"ಶಿವ ಶಿವಾ! ನಾಳೆ ಮರುಪೂಜೆ ಆಗೋವರ್ಗೂ ಕದಲಿಸ್ಬಾರ್ದು. ಇಲ್ಲೇ ಇರ್ಲಿ, ಆಮೇಲೆ ಬಂದು ತಗೊಂಡ್ಹೋಗಿ."

ನಾನು ಕಾದಿದ್ದೇ ಈ ಗಳಿಗೆಗೆ. "ಅದಾಗಲ್ಲ," ಎಂದೆ. "ಭಾವ ಅದನ್ನ ಬಿಟ್ಟು ಭದ್ರಾವತಿಗೆ ಹೋದ್ರೆ, ಲೈಸೆನ್ಸ್ ಇಲ್ದೆ ಪಿಸ್ತೂಲು ಇಟ್ಕೊಂಡೋರು ಮಾವನವ್ರು ಅಂತಾಗುತ್ತೆ. ಜೈಲಿಗೆ ಹಾಕ್ತಾರೆ."

"ಹಾಗಂತ ಎಲ್ಲಿದೆ? ಪುಸ್ತಕ ತೋರ್ಸಿ," ಎಂದರು ಮಾವ.

ಪುಸ್ತಕ! ಹಬ್ಬಕ್ಕೆ ಬರುವಾಗ ಜೊತೆಗೇ ತಂದಿದ್ದೆ, ಆದರೆ ಮೂಲಾ ನಕ್ಷತ್ರದ ದಿನವೇ ಅತ್ತೆ ಅದನ್ನು ಸರಸ್ವತಿ ಪೂಜೆಗೆ ಎತ್ತಿಟ್ಟಿದ್ದರು. ವಿಜಯದಶಮಿಯವರೆಗೆ ಅದನ್ನು ತೆರೆಯುವಂತಿರಲಿಲ್ಲ. ಪಿಸ್ತೂಲಿನ ಪಕ್ಕದಲ್ಲೇ ಸೇವಂತಿಗೆ ಹೊದ್ದು ಕೂತಿತ್ತು. ನನ್ನ ಕೈ ಅತ್ತ ಹೋಯಿತು. ಅತ್ತೆ ಕಣ್ಣು ಕೆಕ್ಕರಿಸಿದರು. ಕೈ ಹಿಂದಕ್ಕೆ ಬಂತು.

"ನಿಮ್ ಕಾನೂನೂ ನನ್ ಪಿಸ್ತೂಲೂ ಇವತ್ತು ಒಂದೇ ಮಣೆ ಮೇಲೆ ಕೂತಿವೆ ಮಾರಾಯ್ರೇ!" ಎಂದ ಷಡ್ಡಕ. ಮನೆ ತುಂಬ ನಗು. ನನ್ನ ಹೆಂಡತಿಯೂ ನಕ್ಕಳು.

ಆದರೂ ಜೈಲೆಂಬ ಮಾತು ಮಾವನಿಗೆ ನಾಟಿತ್ತು. ಷಡ್ಡಕನನ್ನು ಹೊರಡಲು ಬಿಡಲಿಲ್ಲ. ನನಗೆ ಚಾಪೆ ಹಾಸಿದವರು ಅವನಿಗೆ ಮದುವೆಯ ಹಾಸಿಗೆ ಬಿಚ್ಚಿದರು. ನನ್ನ ಕಾನೂನಿನ ದೆಸೆಯಿಂದ ಅವನಿಗೆ ಇನ್ನೊಂದು ದಿನದ ಹೋಳಿಗೆ!

ಬೆಳಿಗ್ಗೆ ಮರುಪೂಜೆಯಾದದ್ದೇ ಪುಸ್ತಕ ಎತ್ತಿಕೊಂಡು ಕುಂಕುಮ ಝಾಡಿಸಿ, ಆ ಕಲಮು ಓದಿ ಅರ್ಥ ಹೇಳಿದೆ. ಮಾವ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಮದುವೆಯಾದ ಮೇಲೆ ಅದೇ ಮೊದಲು. ನನ್ನ ಎದೆ ಉಬ್ಬಿತು.

ಕೇಳಿ ಮುಗಿಸಿ ಅವರು ಷಡ್ಡಕನ ಕಡೆ ತಿರುಗಿದರು. "ಎಂಥ ಜವಾಬ್ದಾರಿ ಹೊತ್ಕೊಂಡು ತಿರುಗ್ತೀರಪ್ಪಾ ನೀವು!"

ಆಮೇಲೆ ನನಗೆ ಹೇಳಿದರು: "ಆ ಪುಸ್ತಕ ಅತ್ತ ಎತ್ತಿಡಿ. ಅಳಿಯಂದ್ರಿಗೆ ಎಲೆ ಹಾಕ್ಬೇಕು."