ಕಾಣದ ಖರ್ಚಿನ ಹಾಳೆ

ನಮ್ಮ ಕಡೆ ರಸ್ತೆ ಪಕ್ಕದಲ್ಲಿ ಸಮತಟ್ಟಾದ ಜಾಗ ಕಂಡರೆ ಸಂತೋಷಪಡಬಾರದು, ಹೆದರಬೇಕು. ಗುಡ್ಡದ ಸೀಮೆಯಲ್ಲಿ ದೇವರು ಸಮತಟ್ಟು ಮಾಡಿದ್ದು ಬಹಳ ಕಡಿಮೆ. ಮಿಕ್ಕಿದ್ದೆಲ್ಲ ಮಾರುವವರು ಮಾಡಿದ್ದು. ಮೂಡಿಗೆರೆಯಲ್ಲಿ ಒಂದು ಬೇಕರಿಯ ಮಹಡಿ ಮೇಲಿನ ಸಣ್ಣ ಕೋಣೆಯಲ್ಲಿ ಕೂತು ಕಟ್ಟಡಗಳ ಪ್ಲಾನು, ಎಸ್ಟಿಮೇಟು ಬರೆದುಕೊಡುತ್ತಿದ್ದ ವರ್ಷಗಳಲ್ಲಿ ನಾನು ಕಲಿತ ಮೊದಲ ಪಾಠ ಇದು.

ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಕೈಯಲ್ಲಿ ನಾಲ್ಕು ಕಾಸು ಕಂಡವರಿಗೆಲ್ಲ ಅಂಗಡಿ ಮಳಿಗೆ ಕಟ್ಟಿಸುವ ಆಸೆ ಹುಟ್ಟಿತ್ತು. ಜಾಗದ ಬೆಲೆ ಎಲ್ಲರಿಗೂ ಗೊತ್ತಿರುತ್ತದೆ. ಕಟ್ಟಡದ ಖರ್ಚನ್ನು ಯಾವ ಮೇಸ್ತ್ರಿಯಾದರೂ ಬಾಯಲ್ಲೇ ಹೇಳುತ್ತಾನೆ. ಆದರೆ ಇವೆರಡರ ಮಧ್ಯೆ ಮಣ್ಣು ತೆಗೆಸಬೇಕು, ತುಂಬಿಸಬೇಕು, ಗುಡ್ಡ ಕಡಿದ ಧರೆ ಜರಿಯದ ಹಾಗೆ ಕಲ್ಲಿನ ಗೋಡೆ ಎಬ್ಬಿಸಬೇಕು, ಚರಂಡಿಗೆ ಪೈಪು ಹಾಸಿ ಒಳಗೆ ದಾರಿ ಮಾಡಬೇಕು, ಕರೆಂಟಿನ ಕಂಬ ಹಾಕಿಸಬೇಕು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದಕ್ಕೇ ನಾನು ಎಸ್ಟಿಮೇಟಿನ ಕೊನೆಗೆ ಒಂದು ಹಾಳೆ ಹೆಚ್ಚಿಗೆ ಸೇರಿಸಿ, ಅದರ ತಲೆಯ ಮೇಲೆ ‘ಕಾಣದ ಖರ್ಚು’ ಎಂದು ಬರೆಯುತ್ತಿದ್ದೆ.

ಆ ಹಾಳೆ ತುಂಬಿಸಬೇಕಾದರೆ ಅನುಮಾನ ಬೇಕು. ನನ್ನಲ್ಲಿ ಅದಕ್ಕೆ ಕೊರತೆ ಇರಲಿಲ್ಲ. ವಸ್ತಾರೆಯ ಹತ್ತಿರ ಒಬ್ಬರು ತೋರಿಸಿದ ಜಾಗದಲ್ಲಿ ಹಾರೆ ಊರಿದರೆ ಅದು ಸದ್ದಿಲ್ಲದೆ ಮೊಣಕಾಲಿನವರೆಗೂ ಇಳಿಯಿತು. ಹಳ್ಳಕ್ಕೆ ಮರದ ಬೊಡ್ಡೆಗಳನ್ನೂ ಗರಗಸದ ಪುಡಿಯನ್ನೂ ತುಂಬಿ ಮೇಲೆ ಎರಡಡಿ ಕೆಂಪು ಮಣ್ಣು ಎಳೆದಿದ್ದರು. ಚಿಕ್ಕಮಗಳೂರಿನಲ್ಲಿ ಇನ್ನೊಬ್ಬರು ಹಾಳು ಬಾವಿಯನ್ನು ಮುಚ್ಚಿ ಅದರ ಮೇಲೆ ಡೇಲಿಯಾ ಗಿಡ ನೆಟ್ಟಿದ್ದರು. ಅಷ್ಟು ದೊಡ್ಡ ಜಾಗದಲ್ಲಿ ಗುಂಡಗೆ ಒಂದೇ ಕಡೆ ಯಾಕೆ ಹೂವು ಎಂದು ಕೇಳಿದ್ದಕ್ಕೆ ಅವರ ಮುಖ ಕಪ್ಪಿಟ್ಟಿತು. ಇಂಥವು ಬಾಯಿಂದ ಬಾಯಿಗೆ ಹರಡಿ ನನಗೆ ‘ಅನುಮಾನದ ಎಂಜಿನಿಯರು’ ಎಂದು ಹೆಸರು ಬಿತ್ತು. ನಾನು ಓದಿದ್ದು ಡಿಪ್ಲೊಮಾ ಮಾತ್ರ. ಎಂಜಿನಿಯರು ಎಂದದ್ದಕ್ಕೆ ಒಳಗೊಳಗೇ ಹಿಗ್ಗಿದೆ, ಅನುಮಾನ ಎಂದದ್ದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಫಿ ಬೆಲೆ ನೆಲ ಕಚ್ಚಿತು. ಭಾವ ತೀರಿಕೊಂಡ ಮೇಲೆ ಬಾಳೂರಿನಲ್ಲಿದ್ದ ನನ್ನ ಅಕ್ಕ ನಾಲ್ಕು ಎಕರೆ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳನ್ನು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿಟ್ಟು ಓದಿಸುತ್ತಿದ್ದಳು. ತೋಟ ನಂಬಿದರೆ ಮಕ್ಕಳ ಓದು ಮುಗಿಯುವುದಿಲ್ಲ ಎಂದು ಅರ್ಧ ತೋಟ ಮಾರಿದಳು. ಆ ದುಡ್ಡಿನಲ್ಲಿ ರಸ್ತೆ ಪಕ್ಕ ಜಾಗ ಕೊಂಡು ನಾಲ್ಕು ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡುವುದು ಅವಳ ಯೋಚನೆ. ಮೂಡಿಗೆರೆಗೆ ಹೋಗುವ ದಾರಿಯಲ್ಲಿ ಒಬ್ಬ ಹಿರಿಯ ಪ್ಲಾಂಟರು ತಮ್ಮ ಎಸ್ಟೇಟಿನ ಅಂಚಿನ ಜಾಗವೊಂದನ್ನು, ವ್ಯಾಪಾರಕ್ಕೆಂದು ಕನ್ವರ್ಷನ್ ಆದದ್ದನ್ನು, ಮಾರುವವರಿದ್ದರು. ಅಕ್ಕ ನನ್ನನ್ನು ಕರೆಸಿದಳು.

“ಈ ದುಡ್ಡು ಹೋದ್ರೆ ನಂಗೆ ಬೇರೆ ಇಲ್ಲ ಮಾರಾಯ. ಸರಿಯಾಗಿ ನೋಡು,” ಎಂದಳು.

ನಾನು ಸರಿಯಾಗಿಯೇ ನೋಡಿದೆ. ಮಾರ್ಚ್ ತಿಂಗಳು. ಅಂಗೈ ಹಾಗೆ ಸಪಾಟಾದ ಜಾಗ, ತುಂಬ ಒಣ ಹುಲ್ಲು. ನಾಲ್ಕು ಮೂಲೆಯಲ್ಲಿ ಎದೆಮಟ್ಟ ಗುಂಡಿ ತೆಗೆಸಿದೆ. ಗಟ್ಟಿ ಮಣ್ಣು, ತೇವದ ಸುಳಿವಿಲ್ಲ. ಪಹಣಿ ತೆಗೆಸಿ ನೋಡಿದೆ, ಗದ್ದೆಯಾಗಿದ್ದ ಜಾಗವಲ್ಲ. ಒಂದು ವಿಷಯ ಮಾತ್ರ ಕಣ್ಣಿಗೆ ಕುಕ್ಕಿತು. ಆ ಹಿರಿಯರು ಒಂದು ಗೇಣು ಜಾಗ ಸಿಕ್ಕರೂ ಕಾಫಿ ಗಿಡ ಊರುವ ಮನುಷ್ಯ. ಬೇಲಿಯ ಆಚೆ ಗಿಡಗಳು ಒತ್ತೊತ್ತಾಗಿ ನಿಂತಿದ್ದವು, ಈಚೆ ಒಂದೂ ಇರಲಿಲ್ಲ. ಇದನ್ನು ಯಾಕೆ ಖಾಲಿ ಬಿಟ್ಟರು?

ನನ್ನ ಅನುಮಾನ ತಕ್ಷಣ ಉತ್ತರ ಹುಡುಕಿಕೊಂಡಿತು. ಆ ರಸ್ತೆ ಅಗಲವಾಗುತ್ತದೆ ಎಂಬ ಮಾತು ಹೋಟೆಲುಗಳಲ್ಲಿ ಓಡಾಡುತ್ತಿತ್ತು. ಇವರಿಗೆ ಮೊದಲೇ ಗೊತ್ತಾಗಿ ಬೆಲೆ ಏರಲಿ ಎಂದು ಕಾದಿಟ್ಟಿದ್ದಾರೆ ಎಂದುಕೊಂಡೆ. ಅದೇ ದಿನ ಅವರ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುವಾಗ ಅವರು ಆಡಿದ ಮಾತಿನಿಂದ ನನಗೆ ಅದು ಖಾತ್ರಿಯೇ ಆಯಿತು.

“ಈಗ್ಲೇ ಅವಸರ ಬೇಡಮ್ಮ,” ಎಂದು ಅವರು ಅಕ್ಕನಿಗೆ ಹೇಳಿದರು. “ಆಷಾಢದಲ್ಲಿ ಒಂದ್ಸಲ ಬಂದು ಜಾಗದ ಮೇಲೆ ನಿಂತು ನೋಡಿ. ಆಮೇಲೆ ಮಾತಾಡಾಣ.”

ಮಾರುವವರೆಲ್ಲ ಬೇಸಿಗೆಯಲ್ಲಿ ಜಾಗ ತೋರಿಸಿ, ಮಳೆ ಬೀಳುವುದರೊಳಗೆ ರಿಜಿಸ್ಟರ್ ಮಾಡಿಸಿ ಕೈತೊಳೆದುಕೊಳ್ಳುವುದನ್ನು ನೋಡಿದವನು ನಾನು. ಮಳೆಗಾಲಕ್ಕೆ ಬನ್ನಿ ಎಂದವರನ್ನು ಕಂಡದ್ದು ಅದೇ ಮೊದಲು. ಬರುವಾಗ ಜೀಪಿನಲ್ಲಿ ಅಕ್ಕನ ತಲೆ ತಿಂದೆ. ಕೊಳ್ಳುವುದಕ್ಕೆ ಚಿಕ್ಕಮಗಳೂರಿನ ಯಾವುದೋ ಪಾರ್ಟಿ ಇವರ ಕೈಯಲ್ಲಿದೆ, ನಾಲ್ಕು ತಿಂಗಳು ನಮ್ಮನ್ನು ನೇತುಹಾಕಿ ಆಮೇಲೆ ಎರಡರಷ್ಟು ಕೇಳುತ್ತಾರೆ, ಬೆಣ್ಣೆಯಂಥ ಮಾತು ನಂಬಬೇಡ ಎಂದೆ. ದೊಡ್ಡವರು ಹೇಳಿದ್ದಾರಲ್ಲ, ಕಾಯೋಣ ಎಂದು ಅಕ್ಕ ಎರಡು ಸಲ ಅಂದಳು. ನಾನು ಬಿಡಲಿಲ್ಲ. ಮಾರನೆಯ ವಾರವೇ ಕರಾರು ಬರೆಸಿದೆ, ಯಾವ ಕಾರಣಕ್ಕೂ ಬೆಲೆ ಏರಿಸಕೂಡದು ಎಂದು ಒಂದು ಸಾಲನ್ನೂ ಹಾಕಿಸಿದೆ. ಹಿರಿಯರು ಆ ಸಾಲು ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ರುಜು ಹಾಕಿದರು. ಸಿಕ್ಕಿಬಿದ್ದ ಎಂದುಕೊಂಡೆ.

ಅಕ್ಕನಿಗಾಗಿ ಬರೆದ ಕಾಣದ ಖರ್ಚಿನ ಹಾಳೆಯಷ್ಟು ಅಚ್ಚುಕಟ್ಟಾದದ್ದನ್ನು ನಾನು ಇನ್ಯಾರಿಗೂ ಬರೆದಿರಲಿಲ್ಲ. ಕಲ್ಲಿನ ಲೋಡು, ಜೆಸಿಬಿಯ ಗಂಟೆ, ಸಿಮೆಂಟಿನ ಚೀಲ, ಕೊನೆಗೆ ಕೆಲಸದವರ ಕಾಫಿ ತಿಂಡಿಯವರೆಗೆ ಅಳೆದೂ ಸುರಿದೂ ಬರೆದೆ. ಏಪ್ರಿಲಿನಲ್ಲಿ ರಿಜಿಸ್ಟರ್ ಮುಗಿಸಿ, ಮಳೆಗೆ ಮುಂಚೆ ಮುಗಿಯಲಿ ಎಂದು ಮೇ ತಿಂಗಳಲ್ಲೇ ಹಿಂದಿನ ಧರೆಗೆ ಕಲ್ಲಿನ ಗೋಡೆ ಎಬ್ಬಿಸಿ ಪಾಯ ತೋಡಿಸಿದೆವು. ಖರ್ಚು ನನ್ನ ಹಾಳೆಗಿಂತ ಒಂದು ರೂಪಾಯಿಯೂ ಮೀರಲಿಲ್ಲ. ಅದನ್ನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ.

ಆಷಾಢದಲ್ಲಿ, ಮಳೆ ಹಿಡಿದು ಹನ್ನೆರಡು ದಿನವಾದಾಗ, ಅಲ್ಲಿ ಜಲ ಒಡೆಯಿತು. ನೀರು ಮೇಲಿಂದ ಬಂದಿದ್ದರೆ ತಡೆಯಬಹುದಿತ್ತು, ಇದು ನೆಲದ ಒಳಗಿಂದ ಎದ್ದಿತ್ತು. ನಾನು ಗುಂಡಿ ತೋಡಿಸಿದ್ದು ನಾಲ್ಕು ಮೂಲೆಯಲ್ಲಿ. ಜಲ ಇದ್ದದ್ದು ನಡುವೆ. ಪಾಯ ತುಂಬಿ ತುಳುಕಿತು. ಗೋಡೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿ, ಮೂರನೆಯ ದಿನ ನಡುವೆ ಬಾಯಿ ಬಿಟ್ಟಿತು. ಅಕ್ಕ ರಸ್ತೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಸಿಟ್ಟಿನಲ್ಲಿ ನೆಟ್ಟಗೆ ಹಿರಿಯರ ಮನೆಗೆ ಹೋದೆ. ಜಲ ಇರುವುದು ಗೊತ್ತಿದ್ದೂ ಮುಚ್ಚಿಟ್ಟು ಗಂಡನಿಲ್ಲದ ಹೆಂಗಸಿನ ತಲೆಗೆ ಕಟ್ಟಿದಿರಿ ಎಂದು ಜಗುಲಿಯಲ್ಲಿ ನಿಂತೇ ಕೂಗಾಡಿದೆ. ಅವರು ಪೂರ್ತಿ ಕೇಳಿದರು.

“ಬಂದು ನೋಡಿ ಅಂತ ಹೇಳಿದ್ನಲ್ಲ ಮಾರಾಯ್ರೆ,” ಎಂದರು. “ಅನ್ನ ಕೊಟ್ಟ ಭೂಮಿದು ಕುಂದು ಬಾಯಲ್ಲಿ ಆಡ್ಬಾರ್ದು. ಕಣ್ಣಿಗೆ ತೋರಿಸ್ಬೇಕು. ನೀವೂ ಈ ಕಡೆಯವ್ರೇ ಅಲ್ವಾ?”

ನಾನು ಈ ಕಡೆಯವನೇ. ನನ್ನ ಅಜ್ಜ ಒಂದು ಗದ್ದೆ ಮಾರುವಾಗ ಕೊಳ್ಳುವವರನ್ನು ಸುರಿಯುವ ಮಳೆಯಲ್ಲಿ ಬದುವಿನ ಮೇಲೆ ನಿಲ್ಲಿಸಿ, ತಾನು ತುಟಿ ಪಿಟಕ್ಕೆನ್ನದೆ ಪಕ್ಕದಲ್ಲಿ ನಿಂತದ್ದು ನನಗೆ ನೆನಪಿತ್ತು. ಕುಂದು ಹೇಳುವುದಕ್ಕೆ ನಮ್ಮವರಿಗೆ ಇದ್ದ ದಾರಿಯೇ ಅದು. ನೆನಪಿದ್ದೂ ಈ ಹಿರಿಯರ ಮಾತಿನಲ್ಲಿ ಅದು ನನಗೆ ಕೇಳಿಸಲಿಲ್ಲ. ಎಲ್ಲರನ್ನೂ ಒಂದೇ ಹಾರೆಯಲ್ಲಿ ಕುಟ್ಟಿ ನೋಡುವ ಚಟ ಹತ್ತಿತ್ತು.

ನಾನು ಮೆಟ್ಟಿಲಿಳಿಯುವಾಗ ಅವರು ಅಕ್ಕನಿಗೆ ಇನ್ನೊಂದು ಮಾತು ಹೇಳಿಕಳಿಸಿದರು. ಬೇಡವಾದರೆ ಅಕ್ಕ ಜಾಗ ವಾಪಸು ಕೊಡಲಿ, ಕೊಂಡ ಬೆಲೆಯನ್ನು ಹಾಗೇ ಕೊಡುತ್ತೇನೆ ಎಂದರು. ನಾಚಿಕೆಯಾಗಬೇಕಿತ್ತು. ಆದರೆ ಬಾಳೂರು ಮುಟ್ಟುವುದರೊಳಗೆ ನನ್ನ ತಲೆ ಮತ್ತೆ ಶುರುಮಾಡಿತ್ತು. ಜಲ ಒಡೆದ ಜಾಗಕ್ಕೆ ಪೂರ್ತಿ ದುಡ್ಡು ಯಾರು ಕೊಡುತ್ತಾರೆ? ಏನೋ ಇದೆ. ರೆಸಾರ್ಟಿನವರು ಬಂದಿರಬೇಕು, ಸ್ವಲ್ಪ ತಡೆ ಎಂದು ಅಕ್ಕನಿಗೆ ಹೇಳಿದೆ. ಮಾರನೆಯ ದಿನ ಬೆಳಿಗ್ಗೆ ಅವಳು ಒಬ್ಬಳೇ ಹೋಗಿ ಜಾಗ ವಾಪಸು ಕೊಟ್ಟು ಬಂದಳು.

ಗೋಡೆಗೂ ಪಾಯಕ್ಕೂ ರಿಜಿಸ್ಟ್ರೇಷನ್ನಿಗೂ ಹೋದದ್ದು ಹೋಯಿತು. ಕೈಯಲ್ಲಿ ಉಳಿದದ್ದು ಎರಡು ಮಳಿಗೆಗೆ ಆಗುವಷ್ಟು. ಅಕ್ಕ ಚಿಕ್ಕ ಮಗಳನ್ನು ಹಾಸ್ಟೆಲಿನಿಂದ ಬಿಡಿಸಿದಳು. ಆ ಹುಡುಗಿ ಬಾಳೂರಿನಿಂದ ದಿನವೂ ಮೊದಲ ಬಸ್ಸಿಗೆ ಮೂಡಿಗೆರೆ ಕಾಲೇಜಿಗೆ ಬರತೊಡಗಿದಳು. ಎದುರು ಸಿಕ್ಕಾಗ ಮಾಮ ಎಂದು ನಗುತ್ತಿದ್ದಳು. ನನಗೆ ತಲೆ ಎತ್ತಿ ಮಾತಾಡಿಸಲು ಆಗುತ್ತಿರಲಿಲ್ಲ.

ಆ ದಾರಿಯಲ್ಲಿ ಬಸ್ಸು ಹೋದಾಗಲೆಲ್ಲ ನಾನು ಕಿಟಕಿಯಿಂದ ಬಗ್ಗಿ ಆ ಜಾಗ ನೋಡುತ್ತಿದ್ದೆ. ಹಿರಿಯರು ಏನಾದರೂ ಕಟ್ಟಿಸಿದರೇ, ಬೋರ್ಡು ಬಿತ್ತೇ ಎಂದು. ಏನೂ ಇಲ್ಲ. ಕೆಸುವಿನ ಗಿಡ, ಒಡೆದ ಗೋಡೆ ಅಷ್ಟೆ. ಅದರ ಒಂದು ಕಲ್ಲನ್ನೂ ಅವರು ಸ್ವಂತಕ್ಕೆ ತೆಗೆದುಕೊಂಡಿರಲಿಲ್ಲ.

ಮುಂದಿನ ವರ್ಷದ ಆಷಾಢ. ಹಾಗೆಯೇ ಬಸ್ಸಿನಲ್ಲಿ ಬರುತ್ತಿದ್ದವನಿಗೆ ಬಾಳೂರಿಗೆ ಸ್ವಲ್ಪ ಈಚೆ, ರಸ್ತೆ ಪಕ್ಕದ ಇಳಿಜಾರಿನಲ್ಲಿ ಯಾರೋ ಒಬ್ಬರೇ ಕೊಡೆ ಹಿಡಿದು ನಿಂತದ್ದು ಕಂಡಿತು. ಅಕ್ಕ. ಬಸ್ಸು ನಿಲ್ಲಿಸಿ ಇಳಿದೆ. ಎರಡು ಮಳಿಗೆಗಾಗುವಷ್ಟು ಸಣ್ಣ ಜಾಗ, ಸಮತಟ್ಟೂ ಅಲ್ಲ. ಅವಳ ಸೀರೆ ಮೊಣಕಾಲಿನವರೆಗೆ ಕೆಸರಾಗಿತ್ತು. ಬೆಳಿಗ್ಗೆಯಿಂದ ನಿಂತಿದ್ದಾಳೆಂದು ತಿಳಿಯುತ್ತಿತ್ತು. ಕೈ ತಾನಾಗಿಯೇ ಚೀಲದೊಳಗಿನ ಟೇಪಿಗೆ ಹೋಯಿತು. ಮೇಲಿನ ಧರೆಗೆ ಎಷ್ಟು ಕಲ್ಲು ಬೇಕಾದೀತು, ಅಳೆದು ಒಂದು ಹಾಳೆ ಬರೆದುಕೊಡಲೇ ಎಂದು ಕೇಳಿದೆ.

ಅಕ್ಕ ಕಾಲ ಬಳಿ ಹರಿಯುತ್ತಿದ್ದ ನೀರಿನಿಂದ ಕಣ್ಣು ತೆಗೆಯಲಿಲ್ಲ.

“ಬೇಡ,” ಎಂದಳು. “ಇನ್ನೂ ಸ್ವಲ್ಪ ಹೊತ್ತು ನೋಡ್ತೀನಿ. ನೀನು ನೆನಿಬೇಡ, ಹೋಗು.”